‘ಮೈ ವೇ’ಯನ್ನು ನಕಲು ಮಾಡಿದವರು ಕ್ಲೋದ್ ಫ್ರಾಂಸ್ವಾ ಅಲ್ಲ

ಓದುಗರ ಪ್ರಶ್ನೆ: ಫ್ರಾನ್ಸಿನ ಗಾಯಕ ಕ್ಲೋದ್ ಫ್ರಾಂಸ್ವಾ ಇಂಗ್ಲಿಷ್ ಹಾಡುಗಳನ್ನು ಫ್ರೆಂಚಿನಲ್ಲಿ ಹಾಡಿ ಹೆಸರು ಮಾಡಿದವರು. ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ ಅವರ ‘ಮೈ ವೇ’ಯನ್ನೂ ಹಾಗೇ ಎತ್ತಿಕೊಂಡರೇ?

ಉತ್ತರ: ಮೊದಲ ಮಾತು ನಿಜ, ಎರಡನೆಯದು ತಲೆಕೆಳಗು. ಎಷ್ಟು ಸಲ ಹೇಳಿದರೂ ಈ ಸುಳ್ಳು ಮತ್ತೆ ಚಿಗುರುತ್ತದೆ. ಈ ಸಲ ತಾರೀಕು ಇಟ್ಟೇ ಹೇಳೋಣ.

‘ಮೈ ವೇ’ಯ ಮೂಲ, ಕ್ಲೋದ್ ಹಾಡಿದ ಫ್ರೆಂಚ್ ಹಾಡು ‘ಕೋಮ್ ದಾಬಿತ್ಯೂದ್’ ಬಂದದ್ದು 1967ರಲ್ಲಿ. ಸಿನಾತ್ರಾ ‘ಮೈ ವೇ’ ರೆಕಾರ್ಡ್ ಮಾಡಿದ್ದು 1968ರ ಡಿಸೆಂಬರ್ 30ರಂದು. ಫ್ರೆಂಚ್ ಹಾಡಿಗೆ ರಾಗ ಜಾಕ್ ರೆವೋ ಮತ್ತು ಕ್ಲೋದ್ ಅವರದು, ಸಾಹಿತ್ಯದಲ್ಲಿ ಕ್ಲೋದ್ ಜೊತೆ ಜಿಲ್ ತಿಬೋ ಇದ್ದರು. ಗಾಯಕ, ಗೀತರಚನೆಕಾರ ಪಾಲ್ ಆಂಕಾ ಅದನ್ನು ಕೇಳಿ, ಹಕ್ಕು ಪಡೆದು, ಇಂಗ್ಲಿಷ್ ಸಾಹಿತ್ಯ ಬರೆದರು. ಅದು ಅನುವಾದವೂ ಅಲ್ಲ. ಫ್ರೆಂಚಿನಲ್ಲಿರುವುದು ತಣ್ಣಗಾದ ಸಂಸಾರ: ಬೆಳಿಗ್ಗೆ ಅವನು ಏಳುತ್ತಾನೆ, ಅವಳು ಏಳುವುದಿಲ್ಲ. ಅವಳಿಗೆ ಹೊದಿಕೆ ಎಳೆದು, ಒಬ್ಬನೇ ಕಾಫಿ ಕುಡಿದು ಹೊರಡುತ್ತಾನೆ. ಇಂಗ್ಲಿಷಿನಲ್ಲಿರುವವನು ಬಾಳಿನ ಕೊನೆಯಲ್ಲಿ ನಿಂತು ಎದೆಯುಬ್ಬಿಸಿ ಹಿಂದಿರುಗಿ ನೋಡುವ ಮನುಷ್ಯ. ರಾಗ ಒಂದೇ, ಕಥೆ ಬೇರೆ.

ಗೊಂದಲಕ್ಕೆ ಒಂದು ಕಾರಣವೂ ಉಂಟು. ರೆವೋ ಮೊದಲು ಈ ರಾಗವನ್ನು ‘ಫಾರ್ ಮಿ’ ಎಂಬ ಇಂಗ್ಲಿಷ್ ಹೆಸರಿನಲ್ಲಿ ಕಟ್ಟಿದ್ದರು. ಹಾಗೆಂದು ಅದು ‘ಮೈ ವೇ’ ಆಗುವುದಿಲ್ಲ. ಇನ್ನೂ ಅನುಮಾನವಿದ್ದರೆ ‘ಮೈ ವೇ’ ರೆಕಾರ್ಡಿನ ಲೇಬಲ್ ನೋಡಿ. ಶೀರ್ಷಿಕೆಯ ಕೆಳಗೆ ಗಾಯಕರ ಹೆಸರಲ್ಲದೆ ಬರೆದವರ ಹೆಸರೂ ಇರುತ್ತದೆ. ಆಂಕಾ ಜೊತೆಗೆ ಅಲ್ಲಿ ಫ್ರೆಂಚ್ ಹೆಸರುಗಳೂ ಕಾಣಬೇಕು. ನಿಜವಾದ ಕವರ್ ಹಾಡು, ಅಂದರೆ ಇನ್ನೊಬ್ಬರ ಹಾಡನ್ನು ಮತ್ತೆ ಹಾಡಿದ್ದು, ಗುರುತಿಸುವುದೂ ಹೀಗೆಯೇ: 1963ರ ‘ಸಿ ಜಾವೆ ಅಂ ಮಾರ್ತೋ’ದ ರಾಗ ಪೀಟ್ ಸೀಗರ್ ಮತ್ತು ಲೀ ಹೇಸ್ ಅವರದು, ಕ್ಲೋದ್ ಅದನ್ನು ಹಾಡಿದವರು ಅಷ್ಟೇ.

ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ: ಇನ್ನೊಬ್ಬರ ರಾಗ ತೆಗೆದುಕೊಂಡರೆ ಕೆಲಸ ಸುಲಭವೇ? ಸಿದ್ಧ ಟ್ಯೂನಿಗೆ ಮಾತು ಕೂರಿಸಿದವರಿಗೆ ಅದರ ಕಷ್ಟ ಗೊತ್ತು. ಇಂಗ್ಲಿಷಿನ ಒತ್ತು ಪದದ ಮೊದಲಲ್ಲೂ ಬೀಳುತ್ತದೆ, ನಡುವೆಯೂ ಬೀಳುತ್ತದೆ. ಫ್ರೆಂಚಿನ ಒತ್ತು ಪದಗುಚ್ಛದ ತುದಿಗೆ. ಅರ್ಥ ಹಿಡಿದು ಸಾಲುಸಾಲಾಗಿ ಅನುವಾದಿಸಿದರೆ ತಾಳದ ಪೆಟ್ಟು ತಪ್ಪಾದ ಅಕ್ಷರದ ಮೇಲೆ ಬಿದ್ದು ಹಾಡು ಎಡವುತ್ತದೆ. ಆದ್ದರಿಂದ ಒಳ್ಳೆಯ ಸಾಹಿತಿ ಮೊದಲು ಉಚ್ಚಾರದ ತುಣುಕು ಎಣಿಸುತ್ತಾನೆ, ಎಳೆಯುವ ಸ್ವರಕ್ಕೆ ತೆರೆದ ಬಾಯಿಯ ಅಕ್ಷರ ಹುಡುಕುತ್ತಾನೆ, ಅರ್ಥವನ್ನು ಆಮೇಲೆ ಹೊಸದಾಗಿ ಕಟ್ಟುತ್ತಾನೆ. ಕ್ಲೋದ್‌ಗೆ ಹೆಸರು ತಂದ 1962ರ ‘ಬೆಲ್ ಬೆಲ್ ಬೆಲ್’ಗೆ ಹಾಗೆ ಮಾತು ಕೂರಿಸಿದ್ದು ವ್ಲೀನ್ ಬುಗ್ಗಿ. ಮೂಲ ಅಮೆರಿಕದ ಗಾಯಕ ಜೋಡಿ ಎವರ್ಲಿ ಸೋದರರದು.

ನನ್ನ ಲೆಕ್ಕದಲ್ಲಿ ಈ ಕಸುಬಿನ ಅತ್ಯುತ್ತಮ ಮಾದರಿ ಕ್ಲೋದ್ ಹಾಡಿದ 1976ರ ‘ಸೆತ್ ಆನೇ ಲಾ’. ಮೂಲ, ಫೋರ್ ಸೀಸನ್ಸ್ ತಂಡದ ‘ಡಿಸೆಂಬರ್ 1963’, ಒಂದು ರಾತ್ರಿಯ ಪ್ರೇಮದ ನೆನಪು. ಫ್ರೆಂಚ್ ಸಾಹಿತ್ಯ ಬರೆದ ಎಡ್ಡಿ ಮಾರ್ನೆ ಆ ರಾತ್ರಿಯನ್ನು ಬಿಟ್ಟು, ಹಾಡನ್ನು ಹಾಡುವವನದೇ ಯೌವನದ ಕಡೆ ತಿರುಗಿಸಿದರು. ಇಸವಿಯನ್ನೂ ಒಂದು ವರ್ಷ ಹಿಂದಕ್ಕೆ ಸರಿಸಿ 1962 ಮಾಡಿದರು. ಅದು ಕ್ಲೋದ್ ಅವರ ಮೊದಲ ಗೆಲುವಿನ ವರ್ಷ.