ಸೀಟಿನಿಂದ ಏಳುವ ಮೊದಲು ನಾಲ್ಕು ಸಾಲು

ಮಗನಿಗೋ ಮಗಳಿಗೋ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತೆಂದರೆ ಬದುಕು ದಡ ಸೇರಿತು ಎಂದು ಕರಾವಳಿಯ ಮನೆಗಳು ಎರಡು ಮೂರು ತಲೆಮಾರು ನಂಬಿದವು. ನಂಬಲು ಕಾರಣವೂ ಇತ್ತು. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಈ ಮಂಗಳೂರು, ಉಡುಪಿಯಲ್ಲೇ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷದ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಬೋರ್ಡು ಬದಲಾಯಿತು, ಕೆಲಸದ ಕ್ರಮ ಬದಲಾಯಿತು, ಮೇಲಧಿಕಾರಿಗಳೂ ಬದಲಾದರು. ಹೀಗೆ ಹೊಸದಾಗಿ ಬಂದು ಕೂತ ಮೇಲಧಿಕಾರಿಗೆ ನೀವು ಹತ್ತು ವರ್ಷ ಏನು ಮಾಡಿದ್ದೀರಿ ಎಂಬುದು ಗೊತ್ತಿರುವುದಿಲ್ಲ. ನೀವೇ ಹೇಳಬೇಕು. ಹೇಳಲು ಕೂತರೆ ಬಹಳ ಮಂದಿಗೆ ಮೂರು ವಾಕ್ಯದ ಮೇಲೆ ಮಾತು ಹೊರಡುವುದಿಲ್ಲ.

ಇದು ಬ್ಯಾಂಕಿನವರ ಪಾಡಷ್ಟೇ ಅಲ್ಲ. ಬೈಕಂಪಾಡಿಯ ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ, ಮಣಿಪಾಲದ ವಾರ್ಡಿನಲ್ಲಿ, ಮುಡಿಪಿನ ಐಟಿ ಕ್ಯಾಂಪಸ್ಸಿನಲ್ಲಿ, ಉಡುಪಿಯ ಹೋಟೆಲಿನ ಕೌಂಟರಿನಲ್ಲಿ ಕೂತವರ ಕಥೆಯೂ ಇದೇ. ಕೆಲಸ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಮಾಡಿದ್ದರ ಗುರುತು ಮಾತ್ರ ಎಲ್ಲೂ ಉಳಿಯುವುದಿಲ್ಲ. ವೃತ್ತಿಯಲ್ಲಿ ಬೆಳೆಯಬೇಕು, ಮಾಡುವ ಕೆಲಸದಲ್ಲಿ ತೃಪ್ತಿಯೂ ಬೇಕು ಎನ್ನುವವರಿಗೆ ನಾನು ಮೊದಲು ಹೇಳುವ ಅಭ್ಯಾಸ ಕೋರ್ಸಿನದ್ದಲ್ಲ, ಬೆಳಗಿನ ಜಾವದ್ದೂ ಅಲ್ಲ. ಸಂಜೆ ಸೀಟಿನಿಂದ ಏಳುವ ಮೊದಲು ನಾಲ್ಕು ಸಾಲು ಬರೆಯಿರಿ ಎನ್ನುತ್ತೇನೆ. ಎಂಟು ಹತ್ತು ನಿಮಿಷ ಸಾಕು. ಇನ್ನೂರು ಪುಟದ ರೂಲು ಹಾಕಿದ ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್ ಬೇಡ, ಬರೆಯಲು ತೆಗೆದ ಮೊಬೈಲಿನಲ್ಲಿ ವಾಟ್ಸ್‌ಆ್ಯಪ್ ತೆರೆದುಕೊಂಡರೆ ಸಾಲು ಅಲ್ಲಿಗೇ ನಿಲ್ಲುತ್ತದೆ.

ಮೊದಲ ಸಾಲಿನಲ್ಲಿ ಇವತ್ತು ಮುಗಿಸಿದ್ದು, ಸಂಖ್ಯೆಯೊಂದಿಗೆ. ಎರಡನೆಯದರಲ್ಲಿ ಎಲ್ಲಿ ಸಿಕ್ಕಿಬಿದ್ದಿರಿ, ಹೇಗೆ ಬಿಡಿಸಿಕೊಂಡಿರಿ ಅಥವಾ ಬಿಡಿಸಿಕೊಳ್ಳಲಾಗಲಿಲ್ಲ ಎಂಬುದು. ಮೂರನೆಯದರಲ್ಲಿ ನಿಮ್ಮ ಕೆಲಸ ಯಾರಿಗೆ ಉಪಯೋಗಕ್ಕೆ ಬಿತ್ತು, ಯಾರು ನಿಮ್ಮಲ್ಲಿ ಕೇಳಿ ಬಂದರು. ನಾಲ್ಕನೆಯದರಲ್ಲಿ ನಾಳೆ ಕೂತ ಕೂಡಲೇ ಕೈಗೆತ್ತಿಕೊಳ್ಳುವ ಒಂದೇ ಕೆಲಸ. ಅಂಚಿನಲ್ಲಿ ಒಂದು ಗುರುತು: ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ತಿಳಿಯಲಿಲ್ಲವೋ ಅದಕ್ಕೆ ಕೂಡಿಸುವ ಚಿಹ್ನೆ, ಯಾವುದು ಹೆಣಭಾರವಾಯಿತೋ ಅದಕ್ಕೆ ಕಳೆಯುವ ಚಿಹ್ನೆ.

ಹೆಚ್ಚಿನವರು ಎಡವುವುದು ಮೊದಲ ಸಾಲಿನಲ್ಲೇ. ಅಕೌಂಟ್ಸ್ ಸಹಾಯಕಿಯೊಬ್ಬರ ದಿನ ಎಂದಿಟ್ಟುಕೊಳ್ಳಿ. ‘ಜಿಎಸ್‌ಟಿ ಕೆಲಸ ಇತ್ತು, ತುಂಬಾ ಬ್ಯುಸಿ’ ಎಂದು ಬರೆದರೆ ಮೂರು ತಿಂಗಳ ಮೇಲೆ ಓದಿದಾಗ ಅದು ಏನನ್ನೂ ಹೇಳುವುದಿಲ್ಲ. ಅದೇ ದಿನವನ್ನು ಹೀಗೆ ಬರೆಯಬಹುದು (2ಬಿ ಎಂದರೆ ಸಪ್ಲೈಯರ್‌ಗಳು ಹಾಕಿದ ರಿಟರ್ನಿನಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಖರೀದಿ ಪಟ್ಟಿ): ‘2ಬಿ ಮತ್ತು ಖರೀದಿ ಲೆಡ್ಜರ್ ತಾಳೆ ನೋಡಿದೆ. 142 ಬಿಲ್, 9 ಕೂಡಿಬರಲಿಲ್ಲ. 6ರಲ್ಲಿ ಬಿಲ್ ನಂಬರ್ ತಪ್ಪಾಗಿದೆ, 3ರಲ್ಲಿ ಸಪ್ಲೈಯರ್ ರಿಟರ್ನ್ ಹಾಕಿಲ್ಲ. ಹೋದ ತಿಂಗಳೂ ತಪ್ಪು ಮಾಡಿದ್ದು ಇದೇ ಇಬ್ಬರು ಸಪ್ಲೈಯರ್. ನಾಳೆ ಮೊದಲು ಅವರಿಗೆ ಫೋನ್.’ ಇಲ್ಲಿ ಕೆಲಸದ ಗಾತ್ರವಿದೆ, ತಪ್ಪಿನ ಮೂಲವಿದೆ, ಮಾಲೀಕರ ಮುಂದೆ ಇಡಬಹುದಾದ ಸಲಹೆಯೂ ಇದೆ. ಆ ಇಬ್ಬರು ಸಪ್ಲೈಯರ್‌ಗಳಿಗೆ ಪ್ರತಿ ತಿಂಗಳು 11ರೊಳಗೆ, ಅಂದರೆ ಅವರ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರ ಗಡುವಿಗೆ ಮೊದಲೇ ಒಂದು ನೆನಪಿನ ಕರೆ ಹೋದರೆ 14ಕ್ಕೆ ಬರುವ 2ಬಿಯಲ್ಲಿ ತಲೆನೋವು ಕಡಿಮೆ. ಇಂಥ ಒಂದು ಸುಧಾರಣೆಯನ್ನು ತಾನೇ ಹುಡುಕಿ ಜಾರಿಗೆ ತಂದವರು ಬರೀ ಎಂಟ್ರಿ ಹೊಡೆಯುವವರಾಗಿ ಉಳಿಯುವುದಿಲ್ಲ.

ಒಂದು ಎಚ್ಚರಿಕೆ. ಗ್ರಾಹಕರ ಹೆಸರು, ಖಾತೆ ಸಂಖ್ಯೆ, ರೋಗಿಯ ವಿವರ, ಕಂಪನಿಯ ಗುಟ್ಟಿನ ಅಂಕಿ ಅಂಶ ಈ ಪುಸ್ತಕದಲ್ಲಿ ಬರಲೇಬಾರದು. ಇದು ನಿಮ್ಮ ಕೆಲಸದ ದಾಖಲೆ, ಅವರದ್ದಲ್ಲ. ಸಹೋದ್ಯೋಗಿಗಳ ಮೇಲಿನ ಸಿಟ್ಟನ್ನೂ ಇಲ್ಲಿ ಕಾರಬೇಡಿ.

ಬರೆಯುವುದು ಸುಲಭ, ದಿನಾ ಬರೆಯುವುದೇ ಕಷ್ಟ. ಇದಕ್ಕೆ ಉತ್ತರ ಉಡುಪಿಯ ಇತಿಹಾಸದಲ್ಲೇ ಇದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಹಿರಿಯರು ಪಿಗ್ಮಿ ಠೇವಣಿ ಶುರು ಮಾಡಿದಾಗ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಏಜೆಂಟರನ್ನು ಕಳಿಸಿ ಸಂಗ್ರಹಿಸಿದರು. ‘ಉಳಿತಾಯ ಮಾಡಿ’ ಎಂದು ಉಪದೇಶ ಕೊಟ್ಟು ಜನರ ಮನೋಬಲದ ಮೇಲೆ ಬಿಟ್ಟುಬಿಡಲಿಲ್ಲ. ದಿನವೂ ಏಜೆಂಟ್ ಬಂದು ನಿಂತ, ಕೊಡುವವರ ಕೈ ಗಲ್ಲಾಪೆಟ್ಟಿಗೆಗೆ ಹೋಯಿತು. ನಿಮ್ಮ ಅಭ್ಯಾಸಕ್ಕೂ ಹಾಗೆ ತಪ್ಪದೆ ಬಂದು ನಿಲ್ಲುವ ಏಜೆಂಟ್ ಬೇಕು. ‘ಸಂಜೆ ಬರೆಯುತ್ತೇನೆ’ ಎಂಬ ನಿರ್ಧಾರ ಆ ಕೆಲಸ ಮಾಡದು. ‘ಕಂಪ್ಯೂಟರ್ ಶಟ್‌ಡೌನ್ ಒತ್ತಿದ ಕೂಡಲೇ ಪುಸ್ತಕ ತೆರೆಯುತ್ತೇನೆ’ ಎಂಬುದು ಮಾಡುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1999ರ ತಮ್ಮ ಲೇಖನದಲ್ಲಿ ವಿವರಿಸಿದ್ದೂ ಇದನ್ನೇ: ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ಕಟ್ಟಿಟ್ಟ ಯೋಜನೆ, ಬರೀ ಗುರಿಗಿಂತ ಹೆಚ್ಚು ಸಲ ಕಾರ್ಯರೂಪಕ್ಕೆ ಬರುತ್ತದೆ.

ಪಾಳಿಯ ಕೆಲಸದವರು, ಮುಖ್ಯವಾಗಿ ನರ್ಸುಗಳು, ಗಡಿಯಾರಕ್ಕೆ ಗಂಟು ಹಾಕಿದರೆ ಎರಡನೇ ವಾರವೇ ತಪ್ಪುತ್ತದೆ, ಯಾಕೆಂದರೆ ಅವರ ಸಂಜೆ ಒಂದೇ ಹೊತ್ತಿಗೆ ಬರುವುದಿಲ್ಲ. ಹ್ಯಾಂಡ್‌ಓವರ್ ಕೊಟ್ಟು ಮುಗಿದ ಕ್ಷಣಕ್ಕೆ ಕಟ್ಟಿಕೊಳ್ಳಿ. ಅದು ಹಗಲುಪಾಳಿಗೂ ಇದೆ, ರಾತ್ರಿಪಾಳಿಗೂ ಇದೆ.

ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂಬ ಮಾತನ್ನು ನಂಬಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿದಾಗ ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಬೇಕಾದ ಅವಧಿಯ ನಡುವಣ ಅಂಕಿ 66 ದಿನ ಎಂದು ಕಂಡುಬಂತು. ವ್ಯಾಪ್ತಿ 18ರಿಂದ 254 ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ ಎಂಬುದು ಅದೇ ಅಧ್ಯಯನದ ಇನ್ನೊಂದು ಮಾತು. ಇಪ್ಪತ್ತೆರಡನೇ ದಿನವೂ ಬೇಸರವಾದರೆ ‘ನನ್ನಿಂದಾಗದು’ ಎಂದು ಕೈಚೆಲ್ಲುವುದು ಅನ್ಯಾಯ. ಹಾಗೆಂದು ತಪ್ಪಿದ ದಿನದ್ದನ್ನೂ ಸೇರಿಸಿ ಮರುದಿನ ಎಂಟು ಸಾಲು ಬರೆಯಲು ಹೋಗಬೇಡಿ. ಬಾಕಿ ಏರಿಸಿಕೊಂಡವರು ಬಿಡುವುದೇ ಹೆಚ್ಚು.

ಶನಿವಾರ ಇಪ್ಪತ್ತು ನಿಮಿಷ ಕೂತು ವಾರದ ಪುಟಗಳನ್ನು ಕೆಂಪು ಪೆನ್ನು ಹಿಡಿದು ಓದಿ. ಎರಡನೇ ಸಾಲಿನಲ್ಲಿ ಒಂದೇ ತೊಡಕು ಮೂರು ಸಲ ಕಂಡರೆ ನೀವು ಮುಂದೆ ಕಲಿಯಬೇಕಾದ್ದು ಅದೇ. ಯಾವ ಕೋರ್ಸ್ ಮಾಡಲಿ ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ನನಗೆ ಗೊತ್ತಿಲ್ಲ. ಜಾಹೀರಾತು ನೋಡಿ ಡೇಟಾ ಸೈನ್ಸಿಗೆ ಹಣ ಕಟ್ಟಿದವರಿಗೆ ನಿಜವಾಗಿ ಬೇಕಿದ್ದದ್ದು ಎಕ್ಸೆಲ್‌ನಲ್ಲಿ ಎರಡು ಪಟ್ಟಿ ತಾಳೆ ನೋಡುವ ವಿದ್ಯೆ, ಅಥವಾ ಗ್ರಾಹಕನ ದೂರಿಗೆ ಇಂಗ್ಲಿಷಿನಲ್ಲಿ ಐದು ಸಾಲಿನ ಇಮೇಲ್ ಬರೆಯುವ ಧೈರ್ಯ ಆಗಿರುತ್ತದೆ.

ಕಲಿಕೆಗೆ ದಿನಕ್ಕೆ 25 ನಿಮಿಷ, ವಾರಕ್ಕೆ ಐದು ದಿನ, ಹನ್ನೆರಡು ವಾರ. ಒಟ್ಟು 25 ಗಂಟೆ. ಇಷ್ಟರಲ್ಲಿ ಎಕ್ಸೆಲ್‌ನ ಲುಕಪ್, ಪಿವೋಟ್ ಟೇಬಲ್ ಮತ್ತು ಪವರ್ ಕ್ವೆರಿಯ ಮೊದಲ ಪಾಠಗಳು ಕೈಗೆ ಬರುತ್ತವೆ. ಹೊಸ ವೃತ್ತಿಗೇ ಹಾರುವಷ್ಟು ಬರುವುದಿಲ್ಲ. ಹಾಗೆಂದು ಆಸೆ ತೋರಿಸುವವರಿಂದ ದೂರವಿರಿ. ವಿಡಿಯೋ ನೋಡುವುದಕ್ಕೆ ಹತ್ತು ನಿಮಿಷ ಮೀರಬಾರದು, ಉಳಿದ ಹದಿನೈದು ನಿಮಿಷ ನಿಮ್ಮದೇ ಆಫೀಸಿನ ಕೆಲಸದಂಥ ಮಾದರಿ ಫೈಲಿನ ಮೇಲೆ ಕೈ ಆಡಬೇಕು. ನೋಡಿದ್ದು ಅರ್ಥವಾಗುವುದು ಬೇರೆ, ಮಾಡಲು ಬರುವುದು ಬೇರೆ. ಯಕ್ಷಗಾನದ ಹೆಜ್ಜೆ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉಡುಪಿಯಿಂದ ಮಂಗಳೂರಿಗೆ ದಿನಾ ಓಡಾಡುವವರು ಬಸ್ಸಿನಲ್ಲಿ ಕಲಿಯುತ್ತೇವೆ ಎನ್ನುತ್ತಾರೆ. ಬೆಳಗಿನ ಎಕ್ಸ್‌ಪ್ರೆಸ್ಸಿನಲ್ಲಿ ಸೀಟೇ ಸಿಗದ ದಿನ ಆ ಯೋಜನೆ ಕುಸಿಯುತ್ತದೆ. ಬಸ್ಸನ್ನು ಹೊಸ ಪಾಠಕ್ಕೆ ಇಡಬೇಡಿ, ಮರುನೆನಪಿಗೆ ಇಡಿ. ಕಂಬಿ ಹಿಡಿದು ನಿಂತೇ, ನಿನ್ನೆ ಕಲಿತ ಮೂರು ವಿಷಯ ಯಾವುವು ಎಂದು ಪುಸ್ತಕ ನೋಡದೆ ಮನಸ್ಸಿನಲ್ಲಿ ಹೇಳಿಕೊಳ್ಳಿ. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದಂತೆ ಕಲಿತದ್ದರಲ್ಲಿ ಹೆಚ್ಚು ಪಾಲು ಮರೆಯುವುದು ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ. ಮರುದಿನ ಒಮ್ಮೆ, ಮೂರನೇ ದಿನ, ಒಂದು ವಾರಕ್ಕೆ, ಮತ್ತೆ ತಿಂಗಳಿಗೆ ಹೀಗೆ ನೆನಪಿಸಿಕೊಂಡರೆ ವಿಷಯ ನಿಲ್ಲುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಮಾತಿಗೆ ಹೆದರುವವರು ರಾತ್ರಿ ಎರಡು ನಿಮಿಷ ಅದೇ ನಾಲ್ಕು ಸಾಲನ್ನು ಇಂಗ್ಲಿಷಿನಲ್ಲಿ ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡಲಿ. ಸಂದರ್ಶನದಲ್ಲಿ ಕೇಳುವುದೂ ಹೆಚ್ಚುಕಡಿಮೆ ಅದನ್ನೇ.

ಕಾಲವೂ ನೋಡಿ ಹೊರಡಬೇಕು. ಹೊಸ ವರ್ಷದ ಸಂಕಲ್ಪವೆಂದು ಜನವರಿಯಲ್ಲಿ ಶುರು ಮಾಡುವುದು ನಮ್ಮೂರಿಗೆ ಹೊಂದುವುದಿಲ್ಲ. ದೀಪಾವಳಿ ಕಳೆದ ಮೇಲೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ತುಳುನಾಡಿನ ಉತ್ಸವಗಳಿಗೆ ತೆರೆ ಬೀಳುವ ದಿನದವರೆಗೆ, ಕೋಲ, ನೇಮ, ಕಂಬಳ, ಯಕ್ಷಗಾನದ ಆಟ, ಬ್ರಹ್ಮಕಲಶ, ಮದುವೆ ಎಂದು ವಾರಾಂತ್ಯಗಳೂ ರಾತ್ರಿಗಳೂ ಹಂಚಿಹೋಗುತ್ತವೆ. ಅವನ್ನು ಬಿಡಿ ಎಂದು ನಾನು ಹೇಳುವವನಲ್ಲ. ಊರಿನವರ ಜತೆ ಬೆರೆಯದ ವೃತ್ತಿಜೀವನ ಒಣಗುತ್ತದೆ. ಆ ತಿಂಗಳುಗಳಲ್ಲಿ ನಾಲ್ಕು ಸಾಲು ಮಾತ್ರ ನಡೆಯಲಿ. ಹನ್ನೆರಡು ವಾರದ ಕಲಿಕೆಯನ್ನು ಪತ್ತನಾಜೆ ಮುಗಿದ ಮೇಲೆ, ಜೂನ್ ಮೊದಲ ವಾರ ಹಿಡಿಯಿರಿ. ಜುಲೈ-ಆಗಸ್ಟ್ ನಡುವಿನ ಆಟಿ ತಿಂಗಳ ಸಂಜೆಗಳಲ್ಲಿ ಮಳೆ ಬಿಟ್ಟರೆ ಬೇರೆ ಕರೆ ಇರುವುದಿಲ್ಲ. ಕರೆಂಟ್ ಹೋಗುವುದು ಖಂಡಿತ, ಹಾಗಾಗಿ ವಿಡಿಯೋಗಳನ್ನು ಮೊದಲೇ ಇಳಿಸಿಕೊಂಡು ಲ್ಯಾಪ್‌ಟಾಪ್ ಚಾರ್ಜಿನಲ್ಲಿಡಿ. ತೆರಿಗೆ, ಲೆಕ್ಕಪತ್ರದ ಕೆಲಸದವರು ತಿಂಗಳ 11ರಿಂದ 20ರವರೆಗೆ ಗಡುವುಗಳ ನಡುವೆ ಹೊಸ ಪಾಠ ತೆಗೆಯದೆ ಹಳೆಯದನ್ನೇ ತಿರುವಿಹಾಕಲಿ.

ಇನ್ನು ತೃಪ್ತಿಯ ವಿಷಯ. ಇದನ್ನು ಸಂಬಳದ ಜತೆ ಮಾತ್ರ ತೂಗುವವರು ಬಹಳ. ಹಾರ್ವರ್ಡಿನ ತೆರೇಸಾ ಅಮಾಬಿಲೆ ಮತ್ತು ಸಂಗಡಿಗರು 7 ಕಂಪನಿಗಳ 238 ಮಂದಿಯಿಂದ ಸುಮಾರು 12,000 ದಿನಚರಿ ಟಿಪ್ಪಣಿ ಸಂಗ್ರಹಿಸಿ ಓದಿದಾಗ, ಜನರ ಒಳ್ಳೆಯ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕಂಡದ್ದು ಅರ್ಥವಿರುವ ಕೆಲಸದಲ್ಲಿ ಒಂದಿಷ್ಟು ಮುಂದೆ ಹೋದ ಅನುಭವ. ಆ ಮುನ್ನಡೆ ಚಿಕ್ಕದಾಗಿದ್ದರೂ ಸಾಕು. ಬರೆಯದಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ದಿನದ ಕೊನೆಗೆ ನೆನಪಿರುವುದು ಬೈಗುಳ ಮತ್ತು ಬಾಕಿ ಕೆಲಸ ಮಾತ್ರ.

ಎಂಟು ವಾರವಾದ ಮೇಲೆ ಅಂಚಿನ ಗುರುತುಗಳನ್ನು ಎಣಿಸಿ. ಹೊಸ ಹುಡುಗರಿಗೆ ಕಲಿಸಿದ ದಿನವೆಲ್ಲ ಕೂಡಿಸುವ ಚಿಹ್ನೆ ಬಿದ್ದಿದ್ದರೆ ಅದು ಸುಳಿವು. ಮೇಲಧಿಕಾರಿಯ ಬಳಿ ಹೋಗಿ ‘ನನಗೆ ಆಸಕ್ತಿ ಇದೆ’ ಎಂದರೆ ಅವರು ತಲೆಯಾಡಿಸಿ ಮರೆಯುತ್ತಾರೆ. ‘ಮುಂದಿನ ತಿಂಗಳು ಬರುವ ಇಬ್ಬರಿಗೆ ಮೊದಲ ವಾರದ ತರಬೇತಿ ನಾನು ಕೊಡುತ್ತೇನೆ, ದಿನಕ್ಕೆ ಒಂದು ಗಂಟೆ, ನನ್ನ ರಿಪೋರ್ಟ್ ಎಂದಿನಂತೆ ನಾಲ್ಕು ಗಂಟೆಗೆ ಬರುತ್ತದೆ, ಒಂದು ತಿಂಗಳು ನೋಡಿ ಹೇಳಿ’ ಎಂದು ಕೇಳಿ. ಅವಧಿ, ಹೊರೆ, ಅವರಿಗಾಗುವ ಲಾಭ ಮೂರೂ ಸ್ಪಷ್ಟವಿರುವ ಕೋರಿಕೆಯನ್ನು ತಳ್ಳಿಹಾಕುವುದು ಕಷ್ಟ. ಇರುವ ಕೆಲಸವನ್ನೇ ಹೀಗೆ ಸ್ವಲ್ಪ ಸ್ವಲ್ಪ ತಿದ್ದಿಕೊಳ್ಳುವುದು ಕೆಲಸ ಬಿಟ್ಟು ಓಡುವುದಕ್ಕಿಂತ ಅಗ್ಗ.

ಮೂರು ತಿಂಗಳಿಗೊಮ್ಮೆ ಒಂದು ಪುಟದ ಸಾರ ತಯಾರಿಸಿ: ಮುಗಿಸಿದ ಐದು ಕೆಲಸ ಸಂಖ್ಯೆ ಸಮೇತ, ಕಲಿತದ್ದು ಒಂದು, ಮುಂದಿನ ಮೂರು ತಿಂಗಳಿಗೆ ಬೇಕಾದ ನೆರವು ಒಂದು. ಅಪ್ರೈಸಲ್ ಹೊತ್ತಿಗೆ ಮೇಲಧಿಕಾರಿಗೆ ನೆನಪಿರುವುದು ಕೊನೆಯ ಕೆಲವು ವಾರ ಮಾತ್ರ, ಉಳಿದ ತಿಂಗಳುಗಳನ್ನು ಈ ಪುಟಗಳು ನೆನಪಿಸುತ್ತವೆ. ರೆಸ್ಯೂಮೆ ಬರೆಯುವಾಗಲೂ ‘ಕಠಿಣ ಪರಿಶ್ರಮಿ’ ಎಂಬ ಟೊಳ್ಳು ಪದಗಳ ಜಾಗಕ್ಕೆ ಹಾಕಲು ಇಲ್ಲಿಂದಲೇ ಸಾಮಗ್ರಿ ಸಿಗುತ್ತದೆ.

ಹನ್ನೆರಡು ವಾರದಲ್ಲಿ ಎಂಟು ವಾರ ಒಂದೇ ಕಾರಣಕ್ಕೆ ಕಳೆಯುವ ಚಿಹ್ನೆ ಬಿದ್ದಿದ್ದರೆ, ಕೇಳಿಯೂ ಏನೂ ಬದಲಾಗದಿದ್ದರೆ, ಬೇರೆ ಕಡೆ ನೋಡುವುದು ಸರಿ. ಆಗಲೂ ಬೆಂಗಳೂರು ಅಥವಾ ಗಲ್ಫ್ ಎಂದು ಊರಿನ ಹೆಸರಿನಿಂದ ಶುರು ಮಾಡಬೇಡಿ, ಕೂಡಿಸುವ ಚಿಹ್ನೆ ಬಿದ್ದ ಕೆಲಸದಿಂದ ಶುರು ಮಾಡಿ. ಆ ಕೆಲಸ ಹೆಚ್ಚು ಇರುವ ಹುದ್ದೆ ಯಾವುದು, ಅದು ಮಂಗಳೂರಿನಲ್ಲೇ ಇದೆಯೇ ಎಂದು ಮೊದಲು ಹುಡುಕಿ. ಬೆಂಗಳೂರಿನ ಸಂಬಳವನ್ನು ಇಲ್ಲಿನದರ ಜತೆ ಹೋಲಿಸುವಾಗ ಬಾಡಿಗೆ, ಅಡ್ವಾನ್ಸ್, ತಿಂಗಳಿಗೆರಡು ಸಲ ಊರಿಗೆ ಬಂದು ಹೋಗುವ ಬಸ್ ಚಾರ್ಜು ಕಳೆದು ಉಳಿಯುವುದನ್ನು ಹೋಲಿಸಿ. ನೋಟಿಸ್ ಅವಧಿ ಎಷ್ಟು ಎಂದು ನೇಮಕಾತಿ ಪತ್ರ ತೆಗೆದು ಓದಿ. ಹೊಸ ಕಡೆಯಿಂದ ಲಿಖಿತ ಆಫರ್ ಕೈಗೆ ಬರುವವರೆಗೆ ರಾಜೀನಾಮೆಯ ಮಾತು ಬೇಡ, ಕ್ಯಾಂಟೀನಿನಲ್ಲಿಯೂ ಬೇಡ.