ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ ಹೂಗಿಡಗಳನ್ನು ಕೀಳಬೇಕೇ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಹಿತ್ತಲಿನ ಮೂಲೆಗಳಲ್ಲಿ, ಕಾಂಪೌಂಡ್ ಗೋಡೆಯ ಬುಡದಲ್ಲಿ ಹೆಸರು ತಿಳಿಯದ ಗಿಡಗಳು ಹುಟ್ಟಿ ಸಣ್ಣ ಸಣ್ಣ ಹೂ ಬಿಡುತ್ತವೆ. ಅವೆಲ್ಲವೂ ಕಳೆಯೇ? ಕಿತ್ತುಹಾಕಬೇಕೇ?

ಉತ್ತರ: ಹೂ ಬಿಟ್ಟು, ಅದು ಯಾವ ಗಿಡವೆಂದು ನೀವು ನೋಡುವವರೆಗಾದರೂ ಕೀಳಬೇಡಿ. ಈ ಮಾತು ಪಾರ್ಥೇನಿಯಂಗೆ, ಅಂದರೆ ಕಾಂಗ್ರೆಸ್ ಹುಲ್ಲಿಗೆ ಮಾತ್ರ ಅನ್ವಯಿಸುವುದಿಲ್ಲ. ಅಮೆರಿಕ ಖಂಡದಿಂದ ಬಂದು 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಗಿಡ ಚರ್ಮದ ತುರಿಕೆಗೂ ಉಬ್ಬಸಕ್ಕೂ ಕಾರಣವಾಗುತ್ತದೆ. ಬಲಿತ ಒಂದೇ ಗಿಡ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಆದ್ದರಿಂದ ಸೀಳುಸೀಳಾದ ಎಲೆಗಳು ನೆಲಕ್ಕೆ ಒತ್ತಿಕೊಂಡು ಸುತ್ತಲೂ ಹರಡಿರುವ ಎಳೆಯ ಹಂತದಲ್ಲೇ, ಕೈಗವಸು ಹಾಕಿಕೊಂಡು, ಬೇರುಸಹಿತ ಅದನ್ನು ತೆಗೆಯಬೇಕು. ಮಕ್ಕಳು ಆಡುವ ಹಿತ್ತಲಾದರೆ ದತ್ತೂರಿಯನ್ನೂ ಉಳಿಸಿಕೊಳ್ಳಬೇಡಿ, ಅದರ ಬೀಜ ವಿಷ.

ಉಳಿದವುಗಳನ್ನು ನೋಡಲು ಬೆಳಗಿನ ಹೊತ್ತೇ ಸರಿ, ಏಕೆಂದರೆ ಇವುಗಳಲ್ಲಿ ಹಲವು ಮಧ್ಯಾಹ್ನದೊಳಗೆ ಮುದುಡುತ್ತವೆ. ಬಟ್ಟೆ ಒಗೆಯುವ ಕಲ್ಲಿನಿಂದ ನೀರು ಹರಿದುಹೋಗುವ ಕಡೆ ನೆಲ ಸದಾ ತೇವವಾಗಿರುವುದರಿಂದ ಕನ್ನೆಸೊಪ್ಪು ಅಲ್ಲಿ ಸಿಗುವ ಸಂಭವ ಹೆಚ್ಚು. ಮಡಚಿದ ದೊನ್ನೆಯಂಥ ಹಸಿರು ಪೊರೆಯೊಳಗಿಂದ ಅದರ ನೀಲಿ ಹೂ ಹೊರಬರುತ್ತದೆ. ಎರಡು ದಳಗಳು ಅಗಲವಾಗಿಯೂ ಮೂರನೆಯದು ಚಿಕ್ಕದಾಗಿಯೂ ಇರುತ್ತವೆ. ಇದಕ್ಕಿಂತ ಸೋಜಿಗದ ಸಂಗತಿ ಮಣ್ಣಿನೊಳಗಿದೆ. ಈ ಗಿಡ ನೆಲದಡಿಯಲ್ಲೂ ಹೂ ಬಿಡುತ್ತದೆ, ಆ ಹೂಗಳು ಅರಳದೆಯೇ ತಮ್ಮಲ್ಲೇ ಪರಾಗಸ್ಪರ್ಶ ಹೊಂದಿ ಬೀಜ ಕಟ್ಟುತ್ತವೆ. ಹೊಲದಲ್ಲಿ ಎಷ್ಟು ಕಿತ್ತರೂ ಅದು ಮತ್ತೆ ಹುಟ್ಟಲು ಇದೂ ಒಂದು ಕಾರಣ, ಹಾಗಾಗಿ ರೈತರು ಅದನ್ನು ಕಳೆಯೆಂದು ಬೈಯುವುದು ನ್ಯಾಯವೇ. ಆದರೆ ಬೆಳೆಯಿಲ್ಲದ ಹಿತ್ತಲ ಮೂಲೆಗೆ ಅದೇ ತೀರ್ಪನ್ನು ಅನ್ವಯಿಸಬೇಕಿಲ್ಲ.

ಶಿವಪೂಜೆಗೆ ಸಲ್ಲುವ ತುಂಬೆಯನ್ನು ಎಲ್ಲರೂ ಬಲ್ಲರು, ಆದರೆ ಕುಕ್ಕರಗಾಲಿನಲ್ಲಿ ಕುಳಿತು ಅದರ ಒಂದೇ ಹೂವನ್ನು ದಿಟ್ಟಿಸಿದವರು ಕಡಿಮೆ. ಅದರ ಮೇಲ್ತುಟಿ ನವಿರಾದ ರೋಮಗಳುಳ್ಳ ಚಿಕ್ಕ ಕುಲಾವಿಯಂತೆ ಬಾಗಿ ಕೇಸರಗಳನ್ನು ಮರೆಮಾಡಿರುತ್ತದೆ; ಅಗಲವಾದ ಕೆಳತುಟಿಯ ಮೇಲೆ ಜೇನ್ನೊಣ ಇಳಿದು ಮಕರಂದಕ್ಕಾಗಿ ಒಳಗೆ ತಲೆ ತೂರಿಸಿದಾಗ ಮೇಲಿನ ಕೇಸರಗಳು ಅದರ ಮೈಗೆ ಪರಾಗ ಸವರುತ್ತವೆ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಸಣ್ಣ ಭೂತಗನ್ನಡಿ ನಿಮ್ಮ ಬಳಿ ಇದ್ದರೆ ಇದನ್ನೆಲ್ಲ ಸ್ಪಷ್ಟವಾಗಿ ಕಾಣಬಹುದು. ಗರಸು ನೆಲದಲ್ಲಿ ಹಬ್ಬುವ ವಿಷ್ಣುಕ್ರಾಂತಿಯ ನೀಲಿ ಹೂವಿಗೂ, ಹುಳಿ ರುಚಿಯ ಪುಲ್ಲಂಪುರಚಿಯ ಹಳದಿ ಹೂವಿಗೂ ಅದೇ ಭೂತಗನ್ನಡಿ ಸಾಕು. ಪುಲ್ಲಂಪುರಚಿಯನ್ನಂತೂ ದಯವಿಟ್ಟು ಉಳಿಸಿಕೊಳ್ಳಿ, ಏಕೆಂದರೆ ಪೇಲ್ ಗ್ರಾಸ್ ಬ್ಲೂ ಎಂಬ ಪುಟ್ಟ ಚಿಟ್ಟೆಯ ಮರಿಹುಳು ಅದರ ಎಲೆಯನ್ನೇ ತಿಂದು ಬೆಳೆಯುತ್ತದೆ.

ಹಾವಿನ ಭಯ ಸಹಜವಾದುದು. ಓಡಾಡುವ ದಾರಿಯನ್ನೂ ಬಾಗಿಲ ಸುತ್ತಲನ್ನೂ ಸವರಿ ಚೊಕ್ಕಟವಾಗಿಟ್ಟು, ದೂರದ ಒಂದು ಮೂಲೆಯನ್ನು ಮಾತ್ರ ಬಿಟ್ಟುಕೊಡಿ. ಅಲ್ಲಿ ಕಲ್ಲು, ಸೌದೆ, ಹಂಚುಗಳನ್ನು ರಾಶಿ ಹಾಕಬೇಡಿ. ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಾದ್ದರಿಂದ ತೆಂಗಿನ ಚಿಪ್ಪು, ಹಳೆಯ ಡಬ್ಬಗಳನ್ನು ತೆಗೆದುಹಾಕಿ. ಆ ಮೂಲೆಯನ್ನು ಸವರಲೇಬೇಕೆಂದಿದ್ದರೆ ಮಳೆ ನಿಂತು ಬೀಜಗಳು ಬಲಿತು ಉದುರಿದ ಮೇಲೆ ಸವರಿ, ಆಗ ಮುಂದಿನ ವರ್ಷವೂ ಅಲ್ಲಿ ತುಂಬೆ ಹುಟ್ಟುತ್ತದೆ.