ಕಾಲು ಉಳುಕುವ ಮುನ್ನ ಮೀನಖಂಡ ನೋಡಿಕೊಳ್ಳಿ

ಮಳೆ ಹಿಡಿದು ಅಂಗಳದ ಜಂಬಿಟ್ಟಿಗೆಯ ಮೇಲೆ ಹಾವಸೆ ಕಟ್ಟುವ ಹೊತ್ತಿಗೆ, ಶಿವಮೊಗ್ಗದ ನನ್ನ ಫಿಸಿಯೋಥೆರಪಿ ಕೊಠಡಿಗೆ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಕಾಲು ಉಳುಕಿಸಿಕೊಂಡು ಬರುವವರು ಹೆಚ್ಚುತ್ತಾರೆ. ಅವರೆಲ್ಲ ಜಾರಿದ ಜಾಗವನ್ನು ದೂರುತ್ತಾರೆ. ನಾನು ಅವರ ಮೀನಖಂಡವನ್ನೂ ಮುಟ್ಟಿ ನೋಡುತ್ತೇನೆ.

ಮೀನಖಂಡದಲ್ಲಿ ಒಂದರ ಮೇಲೊಂದು ಎರಡು ದೊಡ್ಡ ಸ್ನಾಯುಗಳಿವೆ. ಹೊರಗಿನದು ಮಂಡಿಯ ಮೇಲಿನಿಂದ, ಒಳಗಿನದು ಮಂಡಿಯ ಕೆಳಗಿನಿಂದ ಹೊರಟು, ಎರಡೂ ಅಕಿಲಿಸ್ ಎಂಬ ಒಂದೇ ಸ್ನಾಯುರಜ್ಜುವಾಗಿ ಹಿಮ್ಮಡಿಯ ಮೂಳೆಗೆ ಸೇರುತ್ತವೆ. ಇವು ಬಿಗಿದುಕೊಂಡರೆ ಪಾದವು ಮೇಲ್ಮುಖವಾಗಿ ಬೇಕಾದಷ್ಟು ಮಡಚುವುದಿಲ್ಲ, ಏರು ಹತ್ತುವಾಗ ಹಿಮ್ಮಡಿ ಬೇಗನೆ ನೆಲ ಬಿಡುತ್ತದೆ. ಹಿಮ್ಮಡಿ ಎದ್ದು ಬೆರಳು ತಗ್ಗಿದ ಆ ಭಂಗಿಯಲ್ಲಿ ಕಣಕಾಲಿನ ಮೂಳೆಗಳ ಹಿಡಿತ ಸಡಿಲವಾಗಿರುವುದರಿಂದ, ಪಾದ ಒಳಕ್ಕೆ ಹೊರಳಿದರೆ ಕಣಕಾಲಿನ ಹೊರಬದಿಯ ಗಂಟಿನ ಮುಂದಿರುವ, ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜುವಿಗೆ ಪೆಟ್ಟು ಬೀಳುತ್ತದೆ.

ಬಿಗಿತದ ಇನ್ನೊಂದು ಮುಖ ಹಿಮ್ಮಡಿ ನೋವು. ಅಡಿಕೆ ಸುಲಿಯುವ ಕಾಲದಲ್ಲಿ ಬಂದ ಒಬ್ಬ ತಾಯಿ, ದಿನವಿಡೀ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಿದ್ದವರು, "ಬೆಳಿಗ್ಗೆ ಕಾಲು ಊರಿದ ಕೂಡ್ಲೆ ಮೊಳೆ ಚುಚ್ಚಿದ ಹಾಗೆ ಆಗ್ತದೆ ಡಾಕ್ಟ್ರೇ, ನಾಲ್ಕು ಹೆಜ್ಜೆ ನಡೆದ್ರೆ ಕಮ್ಮಿ" ಎಂದರು. ಅವರನ್ನು ಗೋಡೆಯ ಮುಂದೆ ನಿಲ್ಲಿಸಿ, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಲು ಹೇಳಿದೆ. ಹೆಬ್ಬೆರಳು ಗೋಡೆಯಿಂದ ಸುಮಾರು 10 ಸೆಂಟಿಮೀಟರ್ ದೂರವಿದ್ದಾಗಲೂ ತಾಗಿದರೆ ಸಮಾಧಾನಕರ. ಅವರಿಗೆ ಮೂರು ಬೆರಳಿನಗಲ ದೂರಕ್ಕೇ ಹಿಮ್ಮಡಿ ಎದ್ದುಬಿಟ್ಟಿತು. ನಿಮ್ಮ ಎರಡೂ ಕಾಲುಗಳನ್ನು ಹೀಗೆ ಪರೀಕ್ಷಿಸಿಕೊಳ್ಳಿ.

ಅವರಿಗೆ ಹೇಳಿಕೊಟ್ಟದ್ದು ಇಷ್ಟು. ಗೋಡೆಗೆ ಕೈಯೂರಿ ಒಂದು ಕಾಲನ್ನು ಹಿಂದಿಟ್ಟು, ಮಂಡಿ ನೇರವಾಗಿ, ಬೆರಳುಗಳು ಗೋಡೆಯ ಕಡೆಗಿರುವಂತೆ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ 30 ಸೆಕೆಂಡು ನಿಲ್ಲಬೇಕು. ಅನಂತರ ಹಿಮ್ಮಡಿ ಎತ್ತದೆ ಅದೇ ಮಂಡಿಯನ್ನು ಮಡಚಿ ಮತ್ತೆ 30 ಸೆಕೆಂಡು. ಈ ಎರಡನೆಯದನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಆದರೆ ಒಳಗಿನ ಸ್ನಾಯು ಚೆನ್ನಾಗಿ ಹಿಗ್ಗುವುದು ಮಂಡಿ ಮಡಚಿದಾಗಲೇ. ಪ್ರತಿ ಕಾಲಿಗೆ ಮೂರು ಸಲ, ದಿನಕ್ಕೆರಡು ಹೊತ್ತು ಸಾಕು. ಎಳೆತ ತಿಳಿಯಬೇಕು, ನೋವಾಗಬಾರದು, ಜಗ್ಗಬಾರದು. ಹಿಮ್ಮಡಿ ನೋವಿದ್ದವರು ಹಾಸಿಗೆಯಿಂದ ಇಳಿಯುವ ಮೊದಲೇ ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆಳೆದು, ಅಂಗಾಲು ಬಿಗಿಯಾಗುವಂತೆ 10 ಸೆಕೆಂಡು ಹಿಡಿದು ಬಿಡುವುದನ್ನು ಹತ್ತು ಸಲ ಮಾಡಲಿ.

1,343 ಮೀಟರ್ ಎತ್ತರದ ಕೊಡಚಾದ್ರಿ ಹತ್ತಲು ಹೊರಟ ಹುಡುಗರು ಬುಡದಲ್ಲಿ ಎರಡು ನಿಮಿಷ ಕಾಲೆಳೆದುಕೊಂಡು ಇನ್ನು ಭಯವಿಲ್ಲ ಎಂದುಕೊಳ್ಳುತ್ತಾರೆ. ಅಷ್ಟರಿಂದಲೇ ಉಳುಕು ತಪ್ಪದು. ಅದಕ್ಕಿಂತ ಹತ್ತು ನಿಮಿಷ ನಿಧಾನವಾಗಿ ನಡೆದು ಮೈ ಬಿಸಿ ಮಾಡಿಕೊಳ್ಳುವುದು ಮೇಲು. ಹಿಂದೊಮ್ಮೆ ಉಳುಕಿದ ಕಾಲಿಗಂತೂ ಸಮತೋಲನದ ಅಭ್ಯಾಸ ಬೇಕೇ ಬೇಕು: ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಂತು, ಆಧಾರ ಪಕ್ಕದಲ್ಲೇ ಇಟ್ಟುಕೊಂಡು, ಅಭ್ಯಾಸವಾದ ಮೇಲೆ ಕಣ್ಣು ಮುಚ್ಚಿ ನಿಲ್ಲಲು ಪ್ರಯತ್ನಿಸಿ.

ಆಗಷ್ಟೇ ಉಳುಕಿದ ಕಾಲಿಗೆ ಮಾತ್ರ ಇದಾವುದೂ ಬೇಡ. ನಮ್ಮಲ್ಲಿ ಊದಿದ ಕಾಲನ್ನು ಉಳುಕು ತೆಗೆಯುವವರ ಬಳಿ ಎಣ್ಣೆ ಹಚ್ಚಿ ನೀವಿಸುವ ರೂಢಿಯಿದೆ. ಮೂಳೆ ಬಿರುಕು ಬಿಟ್ಟಿದ್ದರೆ ಅದರಿಂದ ಹಾನಿಯೇ ಆಗುತ್ತದೆ. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಇಲ್ಲವೇ ಕಣಕಾಲಿನ ಗಂಟಿನ ಮೂಳೆಯನ್ನು ಒತ್ತಿದಾಗ ನೋವಾದರೆ, ಮೊದಲು ಎಕ್ಸ್‌ರೇ ತೆಗೆಸಿ.